ವಿಂಡೋಸ್ 10ಗೆ ಬಾಗಿಲು ಹಾಕಿದ್ರು, ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕ್ಬಹುದಾ?

ನಮ್ಮ ಚಿಕ್ಕಪ್ಪನ ಮಗ ದಾವಣಗೆರೆಯಲ್ಲಿ ಬಿಸಿಎ ಓದ್ತಾ ಇದಾನೆ. ಮೊನ್ನೆ ಫೋನ್ ಮಾಡಿ "ಅಣ್ಣಾ, ನನ್ ಲ್ಯಾಪ್‌ಟಾಪ್ ಎಕ್ಸ್‌ಪೈರ್ ಆಗೋಯ್ತಂತೆ, ಸ್ಕ್ರೀನ್ ಮೇಲೆ ಹಂಗೇ ಬರ್ತಿದೆ" ಅಂದ. ಲ್ಯಾಪ್‌ಟಾಪ್ ಏನು ಹಾಲಿನ ಪ್ಯಾಕೆಟ್ಟಾ ಎಕ್ಸ್‌ಪೈರ್ ಆಗೋಕೆ ಅಂತ ನಕ್ಕೆ, ಆಮೇಲೆ ವಿಚಾರಿಸಿದ್ರೆ ಹುಡುಗ ಹೇಳಿದ್ದು ಅರ್ಧ ನಿಜಾನೇ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಐ5 ಆರನೇ ಜನರೇಷನ್, 8 ಜಿಬಿ ರ‍್ಯಾಮ್, ಒಳಗೆ ವಿಂಡೋಸ್ 10. ಕ್ಲಾಸಲ್ಲಿ ಯಾರೋ "ಲಿನಕ್ಸ್ ಹಾಕ್ಕೊಳೋ, ಫ್ರೀ" ಅಂದಿದಾರೆ, ಇನ್ನೊಬ್ರು "ಹಾಕಿದ್ರೆ ಫೈಲ್ ಎಲ್ಲಾ ಹೋಗತ್ತೆ" ಅಂತ ಹೆದರಿಸಿದಾರೆ. ಇಬ್ರೂ ಹೇಳಿದ್ದು ಸರೀನೇ, ಅದೇ ತೊಂದ್ರೆ. ಅವನಿಗೆ ಫೋನಲ್ಲಿ ಒಂದೂವರೆ ಗಂಟೆ ಹೇಳಿದ್ದನ್ನೇ ಸ್ವಲ್ಪ ಸಾಲಾಗಿ ಇಲ್ಲಿ ಬರೀತಿದೀನಿ.

ಎಕ್ಸ್‌ಪೈರ್ ಆಗಿದ್ದು ಏನು?

ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಸಪೋರ್ಟ್ ನಿಲ್ಲಿಸ್ತು. ಸಪೋರ್ಟ್ ನಿಲ್ಲೋದು ಅಂದ್ರೆ ಲ್ಯಾಪ್‌ಟಾಪ್ ಆನ್ ಆಗಲ್ಲ ಅಂತಲ್ಲ, ಇವತ್ತೂ ಆನ್ ಆಗತ್ತೆ, ನಾಳೆನೂ ಆಗತ್ತೆ. ನಿಂತಿದ್ದು ಸೆಕ್ಯುರಿಟಿ ಅಪ್‌ಡೇಟ್. ಸಾಫ್ಟ್‌ವೇರ್ ಅನ್ನೋದು ಹಳೇ ಹೆಂಚಿನ ಮನೆ ಥರ, ಎಲ್ಲೋ ಒಂದು ಕಡೆ ಸೋರೋ ಜಾಗ ಇದ್ದೇ ಇರತ್ತೆ, ಇಷ್ಟು ದಿನ ತಿಂಗಳಿಗೊಂದ್ಸಲ ಯಾರೋ ಬಂದು ಮೇಲೆ ಹತ್ತಿ ಒಡೆದ ಹೆಂಚು ಬದಲಾಯಿಸಿ ಹೋಗ್ತಿದ್ರು, ಈಗ ಅವರು ಬರಲ್ಲ. ಇನ್ನೊಂದು ಸೂಕ್ಷ್ಮ ಇದೆ. ವಿಂಡೋಸ್ 10 ಮತ್ತು 11ರ ಒಳಗಿನ ಕೋಡ್ ಸುಮಾರು ಒಂದೇ. 11ರಲ್ಲಿ ಒಂದು ತೂತು ಮುಚ್ಚಿದಾಗ, ಅದನ್ನ ನೋಡಿ 10ರಲ್ಲಿ ಅದೇ ತೂತು ಎಲ್ಲಿದೆ ಅಂತ ಕಳ್ಳರು ಹುಡುಕಿಕೊಳ್ಬಹುದು. ಅಂದ್ರೆ ದಿನ ಕಳೆದಷ್ಟೂ ಅಪಾಯ ಜಾಸ್ತಿ, ಅದೂ ಅದೇ ಲ್ಯಾಪ್‌ಟಾಪಲ್ಲಿ ಬ್ಯಾಂಕ್ ಲಾಗಿನ್, ಸ್ಕಾಲರ್‌ಶಿಪ್ ಅಪ್ಲಿಕೇಶನ್ ಎಲ್ಲಾ ಮಾಡೋರಿಗೆ.

ಆಪರೇಟಿಂಗ್ ಸಿಸ್ಟಮ್ ಅಂದ್ರೆ ಯಾರು?

ಮದುವೆ ಮನೇಲಿ ಉಸ್ತುವಾರಿ ನೋಡ್ಕೊಳ್ಳೋ ಮಾವ ಒಬ್ರು ಇರ್ತಾರಲ್ಲ, ಸೊಂಟದಲ್ಲಿ ಕೀ ಗೊಂಚಲು, ಕೈಯಲ್ಲಿ ಲಿಸ್ಟು. ಅಡುಗೆಯವರಿಗೆ ಇನ್ನೊಂದು ಸಿಲಿಂಡರ್ ಬೇಕಾ, ಅವರ್ನ ಕೇಳ್ಬೇಕು, ವಾಲಗದವರು ಎಲ್ಲಿ ಕೂರ್ಬೇಕು ಅವರೇ ಹೇಳ್ಬೇಕು, ಒಂದೇ ರೂಮಿಗೆ ಎರಡು ಫ್ಯಾಮಿಲಿ ನುಗ್ಗದಂಗೆ ನೋಡ್ಕೊಳ್ಳೋರೂ ಅವರೇ. ಆಪರೇಟಿಂಗ್ ಸಿಸ್ಟಮ್ ಮಾಡೋದು ಇದನ್ನೇ. ಬ್ರೌಸರ್‌ಗೆ ಎಷ್ಟು ಮೆಮೊರಿ ಕೊಡ್ಬೇಕು, ಫೈಲ್ ಡಿಸ್ಕಲ್ಲಿ ಎಲ್ಲಿ ಇಡ್ಬೇಕು, ವೈಫೈ ಯಾರ್ ಯಾರು ಬಳಸ್ತಿದಾರೆ, ಎಲ್ಲಾ ಅದರ ಮೂಲಕನೇ ಆಗ್ಬೇಕು. ವಿಂಡೋಸ್ ಒಬ್ಬ ಮಾವ, ಮ್ಯಾಕ್‌ಓಎಸ್ ಇನ್ನೊಬ್ಬ, ಲಿನಕ್ಸ್ ಮತ್ತೊಬ್ಬ.

ಈಗ ಮುಖ್ಯವಾದ್ದು. ಒಬ್ಬ ಮಾವನ ಜೊತೆ ಕೆಲಸ ಮಾಡಿ ರೂಢಿ ಇರೋ ಅಡುಗೆಯವರು ಇನ್ನೊಬ್ಬರ ಮದುವೆ ಮನೇಲಿ ಹಂಗೇ ಕೆಲಸ ಮಾಡಕ್ಕಾಗಲ್ಲ, ಯಾಕಂದ್ರೆ ಇಲ್ಲಿ ಕೇಳೋ ರೀತಿನೇ ಬೇರೆ. ವಿಂಡೋಸ್‌ಗೆ ಅಂತ ಬರೆದ ಡಾಟ್ ಇಎಕ್ಸ್‌ಇ ಫೈಲ್ ಲಿನಕ್ಸಲ್ಲಿ ಡಬಲ್ ಕ್ಲಿಕ್ ಮಾಡಿದ್ರೆ ಓಡದೇ ಇರೋದು ಇದಕ್ಕೇ. ವೈನ್ ಅಂತ ನಡುವೆ ಮಾತು ದಾಟಿಸೋ ಸಾಫ್ಟ್‌ವೇರ್ ಇದೆ, ಕೆಲವು ಓಡತ್ತೆ, ಕೆಲವು ಅರ್ಧ ಓಡಿ ನಿಲ್ಲತ್ತೆ, ಕೆಲವು ಓಡೋದೇ ಇಲ್ಲ. ಆದ್ರೆ ಫೋಟೋ, ಪಿಡಿಎಫ್, ಹಾಡು, ವೀಡಿಯೋ ಇವೆಲ್ಲ ಬರೀ ಸಾಮಾನು, ಯಾವ ಮಾವ ಇದ್ರೂ ಸಾಮಾನು ಅದೇ. ಅದಕ್ಕೆ ಸಿಸ್ಟಮ್ ಬದಲಾಯಿಸುವಾಗ ಯೋಚ್ನೆ ಮಾಡ್ಬೇಕಾಗಿರೋದು ಫೈಲ್ ಓಪನ್ ಆಗತ್ತಾ ಅಂತ ಅಷ್ಟಾಗಿ ಅಲ್ಲ, ನಿಮಗೆ ಬೇಕಾದ ಸಾಫ್ಟ್‌ವೇರ್ ಅಲ್ಲಿ ಸಿಗತ್ತಾ ಅಂತ.

ಮುಂದೆ ಇರೋ ದಾರಿ ಎಷ್ಟು?

ಒಂದು, ಟೈಮ್ ತಗೊಳ್ಳೋದು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೂ ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಸೋ ಯೋಜನೆ ಒಂದನ್ನ ಮೈಕ್ರೋಸಾಫ್ಟ್ ಕೊಟ್ಟಿತು. ಮೈಕ್ರೋಸಾಫ್ಟ್ ಅಕೌಂಟಿಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡ್ಕೊಂಡ್ರೆ ದುಡ್ಡಿಲ್ಲ, ಇಲ್ಲಾಂದ್ರೆ 1000 ರಿವಾರ್ಡ್ ಪಾಯಿಂಟ್, ಅದೂ ಇಲ್ಲಾಂದ್ರೆ 30 ಡಾಲರ್. ಇದು ಸಾಲ ಮುಂದೂಡಿದಂಗೆ, ತೀರಿಸಿದಂಗಲ್ಲ, ಆದ್ರೆ ಸೆಮಿಸ್ಟರ್ ಮಧ್ಯದಲ್ಲಿ ಇರೋರಿಗೆ ಉಸಿರಾಡೋಕೆ ಜಾಗ ಕೊಡತ್ತೆ.

ಎರಡು, ವಿಂಡೋಸ್ 11. ಇದಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0, ಜೊತೆಗೆ ಮೈಕ್ರೋಸಾಫ್ಟ್ ಒಪ್ಪಿರೋ ಪ್ರೊಸೆಸರ್ ಬೇಕು. ಟಿಪಿಎಂ ಅಂದ್ರೆ ಪಾಸ್‌ವರ್ಡ್, ಕೀ ಇವನ್ನೆಲ್ಲಾ ಬೇರೆಯಾಗಿ ಬೀಗ ಹಾಕಿ ಇಟ್ಕೊಳ್ಳೋ ಸಣ್ಣ ತಿಜೋರಿ. ಹಳೇ ಲ್ಯಾಪ್‌ಟಾಪ್‌ಗಳು ಬಹಳಷ್ಟು ಸಿಕ್ಕಿ ಬೀಳೋದು ಪ್ರೊಸೆಸರ್ ಹತ್ರ, ಇಂಟೆಲ್ ಆದ್ರೆ ಸಾಮಾನ್ಯವಾಗಿ ಎಂಟನೇ ಜನರೇಷನ್ನಿಂದ ಮೇಲೆ ಇರ್ಬೇಕು. ನಿಮ್ಮದು ಯಾವುದು ಅಂತ ತಿಳ್ಕೊಳ್ಳೋದು ಸುಲಭ: ಐ5 6200 ಅಂತಿದ್ರೆ ಮೊದಲ ಅಂಕಿ 6, ಆರನೇ ಜನರೇಷನ್. ಐ5 10210 ಅಂತಿದ್ರೆ ಹತ್ತನೇದು. ಈ ಚೆಕ್ಕಿಂಗ್ ತಪ್ಪಿಸಿ 11 ಹಾಕೋ ಒಳದಾರಿಗಳಿವೆ, ಅಂಗಡಿಯವರು ಹಾಕೂ ಕೊಡ್ತಾರೆ, ಆದ್ರೆ ಹಂಗೆ ಹಾಕಿದ ಮೆಷಿನ್ನಿಗೆ ಅಪ್‌ಡೇಟ್ ಬಂದೇ ಬರತ್ತೆ ಅನ್ನೋ ಗ್ಯಾರಂಟಿ ಮೈಕ್ರೋಸಾಫ್ಟ್ ಕೊಡಲ್ಲ.

ಮೂರನೇದು ಲಿನಕ್ಸ್. (ಹೊಸ ಲ್ಯಾಪ್‌ಟಾಪ್ ತಗೊಳ್ಳೋದು ನಾಲ್ಕನೇದು, ಅದು ಅಪ್ಪನ್ನ ಕೇಳ್ಬೇಕಾದ ಪ್ರಶ್ನೆ, ನನ್ನಲ್ಲ.)

ಲಿನಕ್ಸ್ ಅಂದ್ರೆ ರಾಗಿ ಹಿಟ್ಟು

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅನ್ನೋ 21 ವರ್ಷದ ಹುಡುಗ, ಫಿನ್ಲೆಂಡಿನ ಹೆಲ್ಸಿಂಕಿ ಯೂನಿವರ್ಸಿಟಿ ವಿದ್ಯಾರ್ಥಿ, ಹವ್ಯಾಸಕ್ಕೆ ಅಂತ ಬರೆಯೋಕೆ ಶುರು ಮಾಡಿದ್ದು ಇದು. ಅವನು ಬರೆದಿದ್ದು ಕರ್ನೆಲ್, ಅಂದ್ರೆ ಹಾರ್ಡ್‌ವೇರ್ ಜೊತೆ ನೇರವಾಗಿ ಮಾತಾಡೋ ಒಳಗಿನ ತಿರುಳು. ಬರೀ ತಿರುಳು ಇಟ್ಕೊಂಡು ನೀವು ಏನೂ ಮಾಡಕ್ಕಾಗಲ್ಲ, ರಾಗಿ ಹಿಟ್ಟನ್ನ ಬಾಯಿಗೆ ಹಾಕ್ಕೊಂಡಂಗಾಗತ್ತೆ. ಅದೇ ಹಿಟ್ಟಲ್ಲಿ ಒಬ್ರು ಮುದ್ದೆ ಮಾಡ್ತಾರೆ, ಒಬ್ರು ರೊಟ್ಟಿ ತಟ್ತಾರೆ, ಒಬ್ರು ಅಂಬಲಿ ಕಾಯಿಸ್ತಾರೆ. ಹಂಗೆ ಕರ್ನೆಲ್ ತಗೊಂಡು ಅದರ ಮೇಲೆ ಮೆನು, ಬ್ರೌಸರ್, ಫೈಲ್ ನೋಡೋ ಸಾಫ್ಟ್‌ವೇರ್ ಎಲ್ಲಾ ಸೇರಿಸಿ ಮಾಡಿದ ಪೂರ್ತಿ ಊಟಕ್ಕೆ ಡಿಸ್ಟ್ರೋ ಅಂತಾರೆ. ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ ಇವೆಲ್ಲ ಡಿಸ್ಟ್ರೋಗಳು. ನಿಮ್ಮ ಜೇಬಲ್ಲಿರೋ ಆಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸ್ ಕರ್ನೆಲ್ಲೇ ಇರೋದು, ಹಾಗಾಗಿ "ನಾನು ಲಿನಕ್ಸ್ ಮುಟ್ಟೇ ಇಲ್ಲ" ಅನ್ನೋರು ಕಡಿಮೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಲ್ಯಾಬಲ್ಲಿ ಎಷ್ಟೋ ವರ್ಷದಿಂದ ಮಕ್ಕಳು ಕಲೀತಿರೋದು ಇದರಲ್ಲೇ.

ವಿಂಡೋಸಿಂದ ಬರೋರಿಗೆ ಮಿಂಟ್ ಕಣ್ಣಿಗೆ ಹೊಂದತ್ತೆ, ಕೆಳಗೆ ಎಡಕ್ಕೆ ಮೆನು ಬಟನ್ನು, ಬಲಕ್ಕೆ ಗಡಿಯಾರ, ಎಲ್ಲಾ ಅದೇ ಜಾಗದಲ್ಲಿ. 4 ಜಿಬಿ ರ‍್ಯಾಮ್ ಇದ್ರೆ ಆರಾಮಾಗಿ ಓಡತ್ತೆ, 20 ಜಿಬಿ ಜಾಗ ಕನಿಷ್ಠ ಬೇಕು, 100 ಇದ್ರೆ ಒಳ್ಳೇದು. ಮಿಂಟ್ 22ಕ್ಕೆ 2029ರವರೆಗೂ ಅಪ್‌ಡೇಟ್ ಇದೆ, ಅಂದ್ರೆ ಈಗ ಫಸ್ಟ್ ಇಯರ್ ಇರೋರ ಡಿಗ್ರಿ ಹೆಚ್ಚುಕಮ್ಮಿ ಮುಗಿಯೋವರೆಗೂ. ಯಾವ ಡಿಸ್ಟ್ರೋ ಬೆಸ್ಟ್ ಅಂತ ವಾದ ಮಾಡೋರ ಮಧ್ಯೆ ಮಾತ್ರ ಸಿಕ್ಕಿ ಹಾಕ್ಕೋಬೇಡಿ, ಆ ವಾದ ಮುಗಿಯೋಷ್ಟರಲ್ಲಿ ನಿಮ್ಮ ಕೋರ್ಸ್ ಮುಗಿದಿರತ್ತೆ.

ನಿಮ್ಮ ಕೋರ್ಸ್ ಯಾವ್ದು?

ಎಲ್ಲಕ್ಕಿಂತ ಮೊದ್ಲು ಕೇಳ್ಬೇಕಾದ್ದು ಇದು, ಎಲ್ಲರೂ ಕೊನೇಗೆ ಕೇಳೋದೂ ಇದೇ.

ಬಿಸಿಎ, ಕಂಪ್ಯೂಟರ್ ಸೈನ್ಸ್ ಅವರಿಗೆ ಲಿನಕ್ಸ್ ಸಲೀಸು. ಪೈಥಾನ್, ಜಾವಾ, ವಿಎಸ್ ಕೋಡ್ ಎಲ್ಲಾ ಸಿಗತ್ತೆ, ಸಿ ಕಂಪೈಲರ್ (ಬರೆದ ಪ್ರೋಗ್ರಾಮನ್ನ ಮೆಷಿನ್ ಭಾಷೆಗೆ ತಿರುಗಿಸೋದು) ಅಂತೂ ಅದರ ಮನೆಮಗ. ಒಂದು ಕಡೆ ಮಾತ್ರ ಎಡವ್ತಾರೆ, ಟರ್ಬೋ ಸಿ. ನಮ್ಮ ಎಷ್ಟೋ ಕಾಲೇಜಲ್ಲಿ ಇನ್ನೂ ಆ ನೀಲಿ ಸ್ಕ್ರೀನಲ್ಲೇ ಪ್ರೋಗ್ರಾಮ್ ಬರೆಸ್ತಾರೆ, ಅದು ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಡಾಸ್ (ವಿಂಡೋಸಿಗಿಂತ ಹಳೇ ಆಪರೇಟಿಂಗ್ ಸಿಸ್ಟಮ್) ಕಾಲಕ್ಕೆ ಅಂತ ಬಿಟ್ಟಿದ್ದು. ಅದರ ರೂಢಿಯಲ್ಲಿ ಎಲ್ಲರೂ ಮೊದಲ ಸಾಲಲ್ಲಿ ಕೋನಿಯೋ ಡಾಟ್ ಎಚ್ ಸೇರಿಸಿ, ಶುರುವಲ್ಲಿ ಕ್ಲಿಯರ್ ಸ್ಕ್ರೀನ್, ಕೊನೇಲಿ ಗೆಟ್‌ಚ್ ಬರೀತಾರೆ. ಲಿನಕ್ಸಿನ ಜಿಸಿಸಿ ಕಂಪೈಲರ್‌ಗೆ ಕೋನಿಯೋ ಅಂದ್ರೆ ಏನಂತಲೇ ಗೊತ್ತಿಲ್ಲ, ಎರರ್ ಕೊಡತ್ತೆ, ಹುಡುಗರು ಲಿನಕ್ಸೇ ಸರಿ ಇಲ್ಲ ಅಂತಾರೆ. ಅದು ಸಿ ಭಾಷೆಯ ಸ್ಟ್ಯಾಂಡರ್ಡಲ್ಲಿ ಇರೋದೇ ಅಲ್ಲ, ಡಾಸ್ ಕಂಪೈಲರ್‌ಗಳ ಜೊತೆ ಬಂದ ಸೇರ್ಪಡೆ. ಆ ಮೂರು ಸಾಲು ತೆಗೆದು, ಮೇನ್ ಮುಂದೆ ವಾಯ್ಡ್ ಬದಲು ಇಂಟ್ ಬರೆದ್ರೆ ಲ್ಯಾಬ್ ಪ್ರೋಗ್ರಾಮ್‌ಗಳು ಹೆಚ್ಚಿನವು ಓಡ್ತವೆ. ಇಲ್ಲ, ಪರೀಕ್ಷೆಗೆ ಟರ್ಬೋ ಸಿ ರೂಢಿನೇ ಬೇಕು ಅಂದ್ರೆ ಡಾಸ್ ಥರ ನಟಿಸೋ ಡಾಸ್‌ಬಾಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡ್ರಾಯ್ತು. 64 ಬಿಟ್ ವಿಂಡೋಸಲ್ಲೂ ಟರ್ಬೋ ಸಿ ಓಡ್ತಿರೋದು ಅಂಥದ್ದೇ ಒಂದರ ಒಳಗೆ ಕೂತು.

ಬಿಕಾಂ ಅವರ ಕಥೆ ಬೇರೆ. ಟ್ಯಾಲಿ ವಿಂಡೋಸ್‌ಗೆ ಅಂತ ಮಾಡಿರೋದು, ಟ್ಯಾಲಿ ಕಲಿಯೋರು ವಿಂಡೋಸ್ ಬಿಡೋದು ನೀರು ಬಿಟ್ಟು ಈಜು ಕಲಿತಂಗೆ. ಸಿವಿಲ್, ಮೆಕ್ಯಾನಿಕಲ್‌ನವರಿಗೂ ಅಷ್ಟೇ, ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಎರಡಕ್ಕೂ ಲಿನಕ್ಸ್ ಆವೃತ್ತಿ ಇಲ್ಲ, ಮ್ಯಾಟ್‌ಲ್ಯಾಬ್‌ಗೆ ಇದೆ. ಫೋಟೋಶಾಪ್ ಇಲ್ಲ. ಆನ್‌ಲೈನ್ ಪರೀಕ್ಷೆಗೆ ಕ್ಯಾಮೆರಾ ಆನ್ ಮಾಡಿ ಸ್ಕ್ರೀನ್ ಲಾಕ್ ಮಾಡೋ ಸಾಫ್ಟ್‌ವೇರ್‌ಗಳಲ್ಲಿ ಎಷ್ಟೋ ವಿಂಡೋಸ್ ಅಥವಾ ಮ್ಯಾಕ್ ಮಾತ್ರ ಒಪ್ತವೆ, ಪ್ಲೇಸ್‌ಮೆಂಟ್ ಟೆಸ್ಟ್ ಬರೆಯೋರು ಇದನ್ನ ಮೊದ್ಲೇ ನೋಡ್ಕೊಳ್ಳಿ. ಗೇಮ್ ಆಡೋರಿಗೆ ಒಂದೇ ಮಾತು: ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿರೋದು ಬಹಳಷ್ಟು ಓಡತ್ತೆ, ವ್ಯಾಲರಂಟ್ ಓಡಲ್ಲ.

ಎಂಎಸ್ ಆಫೀಸ್ ಬದಲು ಲಿಬ್ರೆಆಫೀಸ್ ಇರತ್ತೆ, ವರ್ಡ್ ಫೈಲ್ ಓಪನ್ ಮಾಡತ್ತೆ, ಸೇವೂ ಮಾಡತ್ತೆ. ಆದ್ರೆ ಪ್ರಾಜೆಕ್ಟ್ ರಿಪೋರ್ಟ್ ಅಲ್ಲಿ ಬರೆದು ಇಲ್ಲಿ ತೆಗೆದ್ರೆ ಟೇಬಲ್ ಸ್ವಲ್ಪ ಜರುಗಿರತ್ತೆ, 47ನೇ ಪೇಜಲ್ಲಿದ್ದ ಚಿತ್ರ 48ಕ್ಕೆ ಹೋಗಿರತ್ತೆ. ಒಂದು ಕಾರಣ ಫಾಂಟ್, ಕ್ಯಾಲಿಬ್ರಿ ಮೈಕ್ರೋಸಾಫ್ಟಿನ ಸ್ವತ್ತು, ಲಿನಕ್ಸ್ ಜೊತೆ ಬರಲ್ಲ. ಅದೇ ಅಗಲದ ಅಕ್ಷರ ಇರೋ ಕಾರ್ಲಿಟೋ ಅನ್ನೋ ಫಾಂಟ್ ಇದ್ರೆ ಜರುಗೋದು ಕಡಿಮೆ. ಪ್ರಿಂಟಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ, ಆಮೇಲೆ ಅಂಗಡಿಯವರ ಕಂಪ್ಯೂಟರಲ್ಲಿ ಏನಿದ್ರೂ ನಿಮಗೇನು.

ಕನ್ನಡ ಟೈಪಿಂಗ್ ಏನಾಗತ್ತೆ?

ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ರೂಢಿ ಇರೋರು ಕೇಳೋ ಮೊದಲ ಪ್ರಶ್ನೆ. ಇದರಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಕೊಂಡಿದೆ, ಬಿಡಿಸಿ ಇಟ್ರೆ ಸುಲಭ.

ಮೊದಲನೇದು ಕೀಲಿಮಣೆ, ಅಂದ್ರೆ ಯಾವ ಕೀ ಒತ್ತಿದ್ರೆ ಯಾವ ಅಕ್ಷರ ಅನ್ನೋದು. ನುಡಿಯ ವಿನ್ಯಾಸ ಕೆ.ಪಿ. ರಾವ್ ಅವರು ರೂಪಿಸಿದ್ದರ ಮೇಲೆ ನಿಂತಿರೋದು, ಅದು ಲಿನಕ್ಸಲ್ಲೂ ಕೆಜಿಪಿ ಅನ್ನೋ ಹೆಸರಲ್ಲಿ ಇದೆ. ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್, ಜೊತೆಗೆ ಅದರ ಎಂ17ಎನ್ ಪ್ಯಾಕೇಜ್ ಹಾಕಿ ಕನ್ನಡ ಪಟ್ಟಿಯಲ್ಲಿ ಕೆಜಿಪಿ ಆರಿಸ್ಕೊಂಡ್ರೆ ಬೆರಳಿಗೆ ಹೊಸದಾಗಿ ಏನೂ ಕಲಿಸ್ಬೇಕಿಲ್ಲ, ಒತ್ತಕ್ಷರಕ್ಕೆ ಅದೇ ಎಫ್ ಕೀ. ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಕೀಲಿಮಣೆ ರೂಢಿ ಇರೋರಿಗೆ ಅದೂ ಇದೆ.

ಎರಡನೇದು ಹಳೇ ಫೈಲ್‌ಗಳು, ತಲೆನೋವು ಇರೋದು ಇಲ್ಲಿ. ಯೂನಿಕೋಡ್ (ಎಲ್ಲಾ ಭಾಷೆಯ ಅಕ್ಷರಕ್ಕೂ ತನ್ನದೇ ನಂಬರ್ ಕೊಡೋ ಪದ್ಧತಿ) ಬರೋ ಮುಂಚಿನ ನುಡಿ ಫೈಲಲ್ಲಿ ಕಂಪ್ಯೂಟರ್ ಪ್ರಕಾರ ಕನ್ನಡ ಅನ್ನೋದೇ ಇಲ್ಲ, ಅದರೊಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತೆ ಚಿಹ್ನೆಗಳು, ಫಾಂಟ್ ಮಾತ್ರ ಅವಕ್ಕೆ ಕನ್ನಡದ ವೇಷ ಹಾಕಿ ತೋರಿಸತ್ತೆ. ವೇಷ ಕಳಚಿದ್ರೆ, ಅಂದ್ರೆ ಆ ಫಾಂಟ್ ಇಲ್ಲದ ಮೆಷಿನ್ನಲ್ಲಿ ತೆಗೆದ್ರೆ, ಏನೇನೋ ಗೀಚಿದಂಗೆ ಕಾಣತ್ತೆ. ಲಿನಕ್ಸ್ ಫೈಲ್ ಹಾಳು ಮಾಡ್ತು ಅಂತ ಬೈಕೋಬೇಡಿ. ಹಳೇ ಮೆಷಿನ್ನಿಂದ ಆ ನುಡಿ ಫಾಂಟ್ ಫೈಲ್ ತಂದು ಇಲ್ಲಿ ಇನ್‌ಸ್ಟಾಲ್ ಮಾಡಿದ್ರೆ ವೇಷ ವಾಪಸ್ ಬರತ್ತೆ. ಶಾಶ್ವತ ಪರಿಹಾರ ಬೇಕು ಅಂದ್ರೆ ಯೂನಿಕೋಡ್‌ಗೆ ಬದಲಾಯಿಸಿಬಿಡಿ. ಯೂನಿಕೋಡ್ ಕನ್ನಡಕ್ಕೆ ಲೋಹಿತ್, ನೋಟೋ, ಗುಬ್ಬಿ, ನವಿಲು ಇಂಥ ಫಾಂಟ್‌ಗಳು ದುಡ್ಡಿಲ್ಲದೇ ಸಿಗ್ತವೆ.

ಹಾಕೋ ಮುಂಚೆ ಪೆನ್‌ಡ್ರೈವಲ್ಲಿ ಓಡಿಸಿ ನೋಡಿ

ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡೋ ಮುಂಚೆ ನಲ್ಲಿ ತಿರುಗಿಸಿ ನೋಡ್ತೀವಲ್ಲ, ಲಿನಕ್ಸಲ್ಲಿ ಆ ಸೌಲಭ್ಯ ಇದೆ. 8 ಜಿಬಿ ಪೆನ್‌ಡ್ರೈವ್ ಸಾಕು. ಮಿಂಟ್ ಪೂರ್ತಿ ತುಂಬಿರೋ ಐಎಸ್ಒ ಅನ್ನೋ ಫೈಲ್ ಡೌನ್‌ಲೋಡ್ ಮಾಡಿ ರೂಫಸ್ ಅಥವಾ ಎಚರ್ ಅನ್ನೋ ಸಾಫ್ಟ್‌ವೇರಿಂದ ಪೆನ್‌ಡ್ರೈವಿಗೆ ಬರೀಬೇಕು, ಬರೀ ಕಾಪಿ ಪೇಸ್ಟ್ ಮಾಡಿದ್ರೆ ಬೂಟ್ ಆಗತ್ತೆ (ಅದರಿಂದ ಲ್ಯಾಪ್‌ಟಾಪ್ ಶುರುವಾಗತ್ತೆ) ಅಂತ ನಂಬ್ಕೋಬೇಡಿ. ಅದರಲ್ಲಿದ್ದ ಹಳೇದೆಲ್ಲಾ ಅಳಿಸಿ ಹೋಗತ್ತೆ, ಅಕ್ಕನ ಮದುವೆ ಫೋಟೋ ಇರೋ ಪೆನ್‌ಡ್ರೈವ್ ಬೇಡ. ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡೋವಾಗ ಬೂಟ್ ಮೆನು ಕೀ ಒತ್ತಬೇಕು, ಡೆಲ್ ಮತ್ತೆ ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್.

ಪೆನ್‌ಡ್ರೈವಿಂದ ಓಡ್ತಿರುವಾಗ ಇನ್‌ಸ್ಟಾಲ್ ಐಕಾನ್ ಮುಟ್ಟದೇ ಇರೋವರೆಗೂ, ಡಿಸ್ಕಿನ ಫೈಲ್‌ಗಳನ್ನ ನೀವೇ ಹೋಗಿ ಕೆದಕದೇ ಇರೋವರೆಗೂ ಒಳಗಿನ ವಿಂಡೋಸ್ ಹಂಗೇ ಇರತ್ತೆ. ವೈಫೈ ಬರತ್ತಾ, ಸೌಂಡ್ ಬರತ್ತಾ, ಕ್ಯಾಮೆರಾ, ಬ್ಲೂಟೂತ್, ಮುಚ್ಚಿ ತೆರೆದ್ರೆ ಎದ್ದೇಳತ್ತಾ, ಎಲ್ಲಾ ನೋಡಿ. ಪೆನ್‌ಡ್ರೈವ್ ಆದ್ರಿಂದ ಸ್ವಲ್ಪ ನಿಧಾನ ಇರತ್ತೆ. ವೈಫೈ ಚಿಪ್ ಕೆಲವು ಮೊದಲಿಗೆ ಹಠ ಮಾಡ್ತವೆ, ಅದಕ್ಕೆ ಡ್ರೈವರ್ (ಚಿಪ್ ನಡೆಸೋ ಸಾಫ್ಟ್‌ವೇರ್) ಡೌನ್‌ಲೋಡ್ ಮಾಡ್ಬೇಕು, ಡೌನ್‌ಲೋಡ್ ಮಾಡೋಕೆ ನೆಟ್ ಬೇಕು, ನೆಟ್ಟಿಗೆ ವೈಫೈ ಬೇಕು! ಆಗ ಫೋನನ್ನ ಕೇಬಲಲ್ಲಿ ಸೇರಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನ ಕೇಬಲಲ್ಲಿ ಹಂಚೋದು) ಆನ್ ಮಾಡಿ.

ಎರಡೂ ಪಕ್ಕಪಕ್ಕ ಇಡೋದು

ಒಂದೇ ಮನೇಲಿ ಮಧ್ಯ ಗೋಡೆ ಎಬ್ಬಿಸಿ ಅಣ್ಣ ತಮ್ಮ ಇಬ್ರೂ ಇರೋ ಥರ, ಡಿಸ್ಕಿನಲ್ಲಿ ಪಾರ್ಟಿಷನ್ ಮಾಡಿ ವಿಂಡೋಸ್, ಲಿನಕ್ಸ್ ಎರಡೂ ಇಡಬಹುದು. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳತ್ತೆ. ಇದಕ್ಕೆ ಡ್ಯುಯಲ್ ಬೂಟ್ ಅಂತಾರೆ. ಟ್ಯಾಲಿ, ಆಟೋಕ್ಯಾಡ್ ಬೇಕಾದೋರಿಗೆ, ಧೈರ್ಯ ಸಾಲದೋರಿಗೆ ಇದು ಅನುಕೂಲ. ಒಂದು ಎಚ್ಚರ, ಪಕ್ಕದಲ್ಲಿ ಉಳಿಸ್ಕೊಂಡ ವಿಂಡೋಸ್ 10ರ ತೂತು ಹಂಗೇ ಇರತ್ತೆ, ಅದರಲ್ಲಿ ಇಂಟರ್‌ನೆಟ್ ಕೆಲಸ ಆದಷ್ಟೂ ಬೇಡ.

ಮೊದ್ಲು ಬ್ಯಾಕಪ್. ನಾನು ಫೈನಲ್ ಇಯರಲ್ಲಿ ಇನ್‌ಸ್ಟಾಲ್ ಮಾಡುವಾಗ "ವಿಂಡೋಸ್ ಪಕ್ಕದಲ್ಲಿ ಹಾಕು" ಅನ್ನೋದು ಬಿಟ್ಟು "ಡಿಸ್ಕ್ ಅಳಿಸಿ ಹಾಕು" ಅನ್ನೋದನ್ನ ಒತ್ತಿದ್ದೆ, ಅಳಿಸೋದು ಸಿ ಡ್ರೈವ್ ಮಾತ್ರ ಅಂದ್ಕೊಂಡಿದ್ದೆ. ಡಿಸ್ಕ್ ಅಂದ್ರೆ ಪೂರ್ತಿ ಡಿಸ್ಕ್, ಡಿ ಡ್ರೈವೂ ಸೇರಿ. ಮೂರು ವರ್ಷದ ಟ್ರಿಪ್ ಫೋಟೋ ಹೋದ್ವು, ಈಗಲೂ ಫ್ರೆಂಡ್ಸು ಆಡ್ಕೋತಾರೆ. ಗೂಗಲ್ ಡ್ರೈವಲ್ಲಿ 15 ಜಿಬಿ ಫ್ರೀ ಇದೆ, ಮುಖ್ಯವಾದ್ದು ಅಲ್ಲಿ, ಉಳಿದಿದ್ದು ಬೇರೆ ಹಾರ್ಡ್‌ಡಿಸ್ಕಲ್ಲಿ. ಬ್ರೌಸರ್ ಪಾಸ್‌ವರ್ಡ್ ಮರೀಬೇಡಿ. ವಿಂಡೋಸಲ್ಲಿ ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದ್ರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಕೊಳ್ಳಿ, ಬೂಟ್ ಸೆಟ್ಟಿಂಗ್ ಬದಲಾದ್ರೆ ಅದು ಅನುಮಾನ ಪಟ್ಟು ಕೀ ಕೇಳತ್ತೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲಾಂದ್ರೆ ವಿಂಡೋಸ್ ಪೂರ್ತಿ ಮಲಗದೇ ಡಿಸ್ಕನ್ನ ಹಿಡ್ಕೊಂಡೇ ಇರತ್ತೆ, ಲಿನಕ್ಸಿಂದ ಆ ಕಡೆ ಫೈಲ್ ಬರೆಯೋಕೆ ಬಿಡಲ್ಲ. ಇಂಟರ್ನಲ್ಸ್ ಹಿಂದಿನ ವಾರ ಇದಕ್ಕೆ ಕೈ ಹಾಕ್ಬೇಡಿ.

ಮೊದಲ ವಾರ ಗಾಬರಿ ಆಗೋ ವಿಷಯಗಳು

ಸಿ ಡ್ರೈವ್, ಡಿ ಡ್ರೈವ್ ಕಾಣಲ್ಲ. ಇಲ್ಲಿ ಎಲ್ಲಾ ಒಂದೇ ಮರದ ಕೊಂಬೆಗಳು, ನಿಮ್ಮದೆಲ್ಲಾ ಹೋಮ್ ಅನ್ನೋ ಫೋಲ್ಡರಲ್ಲಿ. ಸಾಫ್ಟ್‌ವೇರ್ ಬೇಕು ಅಂದ್ರೆ ಊರೆಲ್ಲಾ ವೆಬ್‌ಸೈಟ್ ಸುತ್ತೋದಲ್ಲ, ಪ್ಲೇಸ್ಟೋರ್ ಥರ ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಹುಡುಕೋದು. ಟರ್ಮಿನಲಲ್ಲಿ (ಆಜ್ಞೆ ಟೈಪ್ ಮಾಡೋ ಕಿಟಕಿ) ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿನೂ ಕಾಣದೇ ಇರಬಹುದು, ಕೀಬೋರ್ಡ್ ಕೆಟ್ಟಿಲ್ಲ, ಟೈಪ್ ಮಾಡಿ ಎಂಟರ್ ಒತ್ತಿ. ಸುಡೋ ಅಂತ ಶುರುವಾಗೋ ಆಜ್ಞೆ ಅಂದ್ರೆ ಮನೆ ಯಜಮಾನನ ಅಧಿಕಾರದಲ್ಲಿ ಮಾಡು ಅಂತ, ಎಲ್ಲೋ ಸಿಕ್ಕಿದ ಸುಡೋ ಸಾಲನ್ನ ಓದದೇ ಅಂಟಿಸೋದು ಖಾಲಿ ಚೆಕ್‌ಗೆ ಸೈನ್ ಹಾಕಿದಂಗೆ.

ಡ್ಯುಯಲ್ ಬೂಟ್ ಮಾಡಿದ ತಮ್ಮ ಮೂರನೇ ದಿನಕ್ಕೆ ಮತ್ತೆ ಫೋನ್ ಮಾಡಿದ, "ಅಣ್ಣಾ, ವಿಂಡೋಸಲ್ಲಿ ಟೈಮ್ ತಪ್ಪು ತೋರಿಸ್ತಿದೆ, ಮಧ್ಯಾಹ್ನ ಎರಡು ಗಂಟೆಗೆ ಬೆಳಗ್ಗೆ ಎಂಟೂವರೆ ಅಂತಿದೆ." ಸರಿಯಾಗಿ ಐದೂವರೆ ಗಂಟೆ ಹಿಂದೆ. ಲ್ಯಾಪ್‌ಟಾಪ್ ಒಳಗೆ ಬೋರ್ಡಿನ ಮೇಲೆ ಒಂದು ಗಡಿಯಾರ ಇದೆ, ಲಿನಕ್ಸ್ ಅದರಲ್ಲಿ ಯುಟಿಸಿ ಟೈಮ್ (ಜಗತ್ತಿಗೆಲ್ಲಾ ಒಂದೇ ಆಗಿರೋ ಟೈಮ್) ಇಟ್ಟು ನಮಗೆ ತೋರಿಸುವಾಗ ಐದೂವರೆ ಗಂಟೆ ಕೂಡಿಸತ್ತೆ, ವಿಂಡೋಸ್ ಅದರಲ್ಲಿ ಇರೋದೇ ಭಾರತದ ಟೈಮ್ ಅಂದ್ಕೊಂಡು ಹಂಗೇ ತೋರಿಸತ್ತೆ. ಲಿನಕ್ಸಿಗೆ ನೀನೂ ಲೋಕಲ್ ಟೈಮ್ ಇಡು ಅಂತ ಒಂದು ಸೆಟ್ಟಿಂಗ್ ಮಾಡಿದ್ರೆ ಜಗಳ ಮುಗೀತು.

ಬೇಡ ಅನ್ಸಿದ್ರೆ ವಾಪಸ್ ಹೋಗೋದು ಹೆಂಗೆ?

ಲಿನಕ್ಸ್ ಪಾರ್ಟಿಷನ್ ಡಿಲೀಟ್ ಮಾಡಿದ್ರಾಯ್ತು ಅಂತ ವಿಂಡೋಸ್ ಒಳಗಿಂದ ನೇರವಾಗಿ ಅಳಿಸಿಬಿಡ್ತಾರೆ, ಮುಂದಿನ ಸಲ ಆನ್ ಮಾಡಿದ್ರೆ ಕಪ್ಪು ಸ್ಕ್ರೀನ್ ಮೇಲೆ ಗ್ರಬ್ ಅಂತ ಬಂದು ನಿಲ್ಲತ್ತೆ, ಎದೆ ಝಲ್ ಅನ್ನತ್ತೆ. ಗ್ರಬ್ ಅಂದ್ರೆ ಯಾವ ಸಿಸ್ಟಮ್ ಬೇಕು ಅಂತ ಬಾಗಿಲಲ್ಲಿ ಕೇಳ್ತಿದ್ದ ಕಾವಲುಗಾರ, ಅವನ ಮನೆ ನೀವು ಕೆಡವಿದೀರಿ, ಅವನು ಇನ್ನೂ ಬಾಗಿಲಲ್ಲೇ ನಿಂತಿದಾನೆ. ವಿಂಡೋಸ್ ಒಳಗೆ ಕ್ಷೇಮವಾಗೇ ಇರತ್ತೆ. ಲ್ಯಾಪ್‌ಟಾಪ್ ಆನ್ ಆಗುವಾಗಲೇ ತೆರೆಯೋ ಬಯೋಸ್ ಸೆಟ್ಟಿಂಗಿಗೆ ಹೋಗಿ ಬೂಟ್ ಆರ್ಡರಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನ ಮೇಲಕ್ಕೆ ತಂದ್ರೆ ಮೊದಲಿನ ಥರ ತೆರ್ಕೊಳತ್ತೆ. ಪೂರ್ತಿ ಅಳಿಸಿ ಲಿನಕ್ಸ್ ಹಾಕಿದೋರೂ ವಿಂಡೋಸನ್ನ ಮತ್ತೆ ಹಾಕ್ಕೋಬಹುದು, ಒರಿಜಿನಲ್ ವಿಂಡೋಸ್ ಇದ್ದ ಲ್ಯಾಪ್‌ಟಾಪಾದ್ರೆ ಅದರ ಲೈಸೆನ್ಸ್ ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಅಂಟ್ಕೊಂಡಿರತ್ತೆ, ನೆಟ್‌ಗೆ ಸೇರಿಸಿದ ತಕ್ಷಣ ತಾನಾಗೇ ಆಕ್ಟಿವೇಟ್ ಆಗತ್ತೆ, ಮತ್ತೆ ದುಡ್ಡು ಕೊಡೋದು ಬೇಕಾಗಲ್ಲ.